ಪಂಚಮಿಗೆ ಸಾರಿಸಿದ ಗೋಡೆ

ಸಿರುಗುಪ್ಪ ತಾಲೂಕಿನ ದೇಶನೂರಿನಲ್ಲಿ ಒಲೆಯ ಮೇಲೆ ಅನ್ನಕ್ಕಿಟ್ಟರೆ ಬಳ್ಳಾರಿಯಲ್ಲಿ ಕೂತವರಿಗೆ ಹಸಿವಾಗುತ್ತದೆ. ಅಂಥ ಅಕ್ಕಿ ಅದು. ಆ ಘಮಕ್ಕೆ ಬಳ್ಳಾರಿ ಗುಡ್ಡದ ಮೇಲಿನ ಕೋಟೆಯೇ ಒಂದು ಗೇಣು ಈ ಕಡೆಗೆ ವಾಲಿದೆ. ನಂಬದವರು ನೂಲು ಹಿಡಿದು ನೋಡಿಕೊಳ್ಳಬಹುದು. ಕಾಲುವೆ ನೀರು ಬಂದ ಮೇಲಂತೂ ಊರಿನ ಸುತ್ತ ಕಣ್ಣು ಹಾಯುವಷ್ಟು ದೂರ ಭತ್ತ. ಭತ್ತವಿದ್ದಲ್ಲಿ ನಿಂತ ನೀರು. ನೀರು ನಿಂತಲ್ಲಿ ಸೊಳ್ಳೆ.

ಆ ಸೊಳ್ಳೆಗಳಾದರೂ ಊರಿನ ಮರ್ಯಾದೆಗೆ ತಕ್ಕ ಹಾಗೇ ಬೆಳೆದಿದ್ದವು. ದೇಶನೂರಿನ ಒಂದು ಸೊಳ್ಳೆ ಹಾರಿ ಹೋಗಿ ಕುರುಗೋಡಿನ ದೊಡ್ಡ ಬಸವಣ್ಣನ ಪಕ್ಕದಲ್ಲಿ ಕೂತಿತ್ತಂತೆ. ನಸುಕಿನಲ್ಲಿ ಬಂದ ಪೂಜಾರಿ ಯಾವುದು ಬಸವಣ್ಣ, ಯಾವುದು ಸೊಳ್ಳೆ ಎಂದು ತಿಳಿಯದೆ ಎರಡಕ್ಕೂ ಮಂಗಳಾರತಿ ಎತ್ತಿ ಹೋದನಂತೆ.

ನಗುವ ಮಾತು ಅಷ್ಟೇ. ಮಳೆಗಾಲ ಬಂತೆಂದರೆ ಊರಿನಲ್ಲಿ ಯಾರೂ ನಗುತ್ತಿರಲಿಲ್ಲ. ಹಿಂದೊಮ್ಮೆ ಓಡಿಹೋಗಿದ್ದ ಚಳಿಜ್ವರ ಎಪ್ಪತ್ತರ ದಶಕದ ಕೊನೆಗೆ ತಿರುಗಿ ಬಂದು ಮನೆಗೊಬ್ಬರನ್ನು ಕಂಬಳಿಯೊಳಗೆ ಮಲಗಿಸಿತ್ತು. ಮೊದಲು ಹಲ್ಲು ಕಟಕಟ ಎನ್ನುವ ಚಳಿ, ಆಮೇಲೆ ಬಾಣಲೆ ಕಾವು, ಆಮೇಲೆ ಬೆವರು. ಒಂದು ದಿನ ಬಿಟ್ಟಂತೆ ಮಾಡಿ ಮರುದಿನ ಮತ್ತೆ ಹಿಡಿಯುವುದು.

ಇಂಥ ಊರಿನಲ್ಲಿ ಚನ್ನವೀರಮ್ಮನ ಗೋಡೆ ಅಂದರೆ ಗೋಡೆ. ಕೆಮ್ಮಣ್ಣು, ಸಗಣಿ, ಜರಡಿ ಹಿಡಿದ ಮರಳು, ಅದರ ಮೇಲೆ ಸುಣ್ಣದ ಅಂಚು. ಅಂಗೈಯಿಂದ ಅವಳು ಒಂದು ಸಲ ಸವರಿದರೆ ಆ ಗೋಡೆಯ ಮೇಲೆ ಇರುವೆ ಕಾಲು ಜಾರಿ ಬೀಳುತ್ತಿತ್ತು. ಒಮ್ಮೆ ಕನ್ನಡಿ ಮಾರುವವನೊಬ್ಬ ಅವಳ ಮನೆ ಮುಂದೆ ಬಂದು, ಗೋಡೆಯಲ್ಲಿ ತನ್ನ ಮುಖ ನೋಡಿ ಮೀಸೆ ತಿದ್ದಿಕೊಂಡು, "ಈ ಊರಾಗ ನಮ್ಮ ಯಾಪಾರ ನಡಿಯಂಗಿಲ್ಲ" ಎಂದು ಗಂಟು ಕಟ್ಟಿಕೊಂಡು ಹೋದ.

ಅಂಥ ಗೋಡೆಯ ಒಡತಿಗೆ ಆ ವರ್ಷ ಒಂದೇ ಒಂದು ಆಸೆ. ಮಗಳು ಮನೆಗೆ ಬರಬೇಕು.

ಮಗಳು ಗುರುಬಸಮ್ಮ. ಬಳ್ಳಾರಿಯ ಸತ್ಯನಾರಾಯಣಪೇಟೆಗೆ ಕೊಟ್ಟಿದ್ದರು. ಹೋದ ವರ್ಷ, ಮದುವೆಯಾದ ಮೊದಲ ನಾಗರಪಂಚಮಿಗೆ ಬಂದಿದ್ದಳು. ಹಿತ್ತಲ ಬೇವಿನ ಮರದ ಜೋಕಾಲಿಯಲ್ಲಿ ನಿಂತು ಎಷ್ಟು ಎತ್ತರ ಜೀಕಿದಳೆಂದರೆ, ಮೇಲೆ ಹೋದಾಗೆಲ್ಲ ಅವಳಿಗೆ ಆಂಧ್ರದ ಊರುಗಳು ಕಾಣುತ್ತಿದ್ದವು, ಅಲ್ಲಿನವರು "ಎವರಮ್ಮಾ ಅದಿ?" ಎಂದು ತೆಲುಗಿನಲ್ಲಿ ಕೂಗಿ ಅವಳು ಯಾರೆಂದು ಕೇಳುತ್ತಿದ್ದರು. ಹಬ್ಬ ಮುಗಿಯುವ ಮೊದಲೇ ಅವಳಿಗೆ ನಡುಕ ಹತ್ತಿತು. ಮಲೇರಿಯಾ ಕೆಲಸದವನು ಬೆರಳು ಚುಚ್ಚಿ ರಕ್ತ ನೋಡುತ್ತೇನೆಂದು ಬಾಗಿಲಿಗೆ ಬಂದ. ಚನ್ನವೀರಮ್ಮನ ಗಂಡ ಮರಿಬಸಪ್ಪ ಅಡ್ಡ ನಿಂತ.

"ಬಸುರಿ ಮಗಳ ರಕ್ತ ಗಾಜಿಗೆ ಹಚ್ಚಿಕ್ಯಂಡು ಹೋಗಿ ಅದೇನು ಮಾಡ್ತೀರೋ ಯಾರಿಗೆ ಗೊತ್ತು? ನಡೀರಿ, ನಡೀರಿ" ಎಂದ.

ಮೆಣಸಿನ ಕಷಾಯ ಕುಡಿಸಿ, ದೃಷ್ಟಿ ತೆಗೆದು, ಮಗಳನ್ನು ಬಳ್ಳಾರಿ ಬಸ್ಸು ಹತ್ತಿಸಿದರು. ಇಲ್ಲಿ ಹೆಚ್ಚಿಸಿ ಹೇಳುವಂಥದ್ದು ಏನೂ ಇಲ್ಲ. ಜ್ವರ ಏರಿತು. ಹೊಟ್ಟೆಯಲ್ಲಿದ್ದ ಕೂಸು ನಿಲ್ಲಲಿಲ್ಲ.

ಈಗ ಗುರುಬಸಮ್ಮ ಮತ್ತೆ ಬಸುರಿ. ಪಂಚಮಿಗೆ ಇನ್ನೂ ಒಂದೂವರೆ ತಿಂಗಳಿತ್ತು. ಅಕ್ಕಿ ಚೀಲ ಕೊಡಲು ಬಳ್ಳಾರಿಗೆ ಹೋದ ಮರಿಬಸಪ್ಪ ಬೀಗರ ಮನೆಗೂ ಹೋಗಿಬಂದ. ಬಂದವನು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ ಕೂತ.

"ಏನಂದ್ಲು ಬೀಗ್ತಿ?" ಚನ್ನವೀರಮ್ಮ ಕೇಳಿದಳು.

"ಕಳಸಂಗಿಲ್ಲ ಅಂದ್ಲು. 'ನಿಮ್ಮ ಊರಾಗಿನ ಜ್ವರ ಹೋಗಲಿ, ಆಮ್ಯಾಲ ಮಗಳ ಮಾತಾಡೋಣು' ಅಂದ್ಲು. ಪಂಚಮಿಗೂ ಇಲ್ಲ, ಬಾಣಂತನಕ್ಕೂ ಇಲ್ಲ."

"ನನ್ನ ಕೂಸು ಏನಂತು?"

"ಅದಕ್ಕ ಏನೂ ಸೇರವಲ್ದಂತ. 'ಯಪ್ಪಾ, ನಮ್ಮ ಪಡಸಾಲ್ಯಾಗ ಕುಂದ್ರಬೇಕು, ಅವ್ವ ಸಾರಿಸಿದ ಹಸಿ ಗ್ವಾಡಿ ವಾಸನಿ ತಗೋಬೇಕು ಅನಸ್ತೈತಿ' ಅಂತು. ಅಷ್ಟು ಅಂದು ಒಳಗ ಹೋತು."

ಬೀಗತಿ ಆಡಿದ್ದು ಜ್ವರದ ಮಾತು. ಆದರೆ ಚನ್ನವೀರಮ್ಮನ ಕಿವಿಗೆ ಬಿದ್ದದ್ದು ಬೇರೆ. ಪ್ಯಾಟಿಯವರು, ನಲ್ಲಿ ನೀರಿನವರು, ನಮ್ಮ ಮಣ್ಣಿನ ಮನೆ ಕಂಡು ಅಸಹ್ಯ ಪಡುತ್ತಾರೆ ಎಂದೇ ಅವಳು ತಿಳಿದಳು. ತೋರಿಸುತ್ತೇನೆ, ಎಂದುಕೊಂಡಳು. ಆ ರಾತ್ರಿಯಿಂದ ಅವಳಿಗೆ ಮಗಳ ಮುಖ ಬೇರೆ ಅಲ್ಲ, ಪಡಸಾಲೆಯ ಗೋಡೆ ಬೇರೆ ಅಲ್ಲ.

ಅದೇ ಹೊತ್ತಿಗೆ ಮಲೇರಿಯಾದವರು ಊರಿಗೆ ಬಂದರು. ಬೆನ್ನಿಗೆ ಪಂಪು, ಬಕೆಟ್ಟಿನಲ್ಲಿ ಡಿ.ಡಿ.ಟಿ. ಕಲಸಿದ ನೀರು. ಅವರ ಮುಂದಾಳು ಎರ್ರಣ್ಣ, ಕುರುಗೋಡಿನವನು. ಅವನ ಸೈಕಲ್ಲಿಗೆ ಗಂಟೆ ಬೇಕಿರಲಿಲ್ಲ, ಬಾಯಿ ಇತ್ತು. ಎದುರಿಗೆ ನಾಯಿ ಕಂಡರೆ ಸೈಕಲ್ಲು ಬಿಟ್ಟು ಕಟ್ಟೆ ಹತ್ತುವವನು, ಸೊಳ್ಳೆಯ ಮಾತು ಬಂದರೆ ಮಾತ್ರ ಹುಲಿ.

"ಚನ್ನವೀರಮ್ಮಕ್ಕಾ, ಅಕ್ಕಿ ಬ್ಯಾಳಿ ನೀರು ಎಲ್ಲಾ ಹೊರಗ ಇಡು. ಬೆಕ್ಕು ಕೋಳಿನೂ ಓಡಸು. ಒಣಗೋ ತನಕ ಒಳಗ ಬಿಡಬ್ಯಾಡ."

"ನನ್ನ ಗ್ವಾಡಿ ಹೊಲಸಾಗ್ತೈತಿ."

"ಆಗ್ಲೇಬೇಕು. ಆದ್ರನ ನಾನು ಕೆಲಸ ಮಾಡೀನಿ ಅಂತ ಅರ್ಥ!"

ಪಂಪು ಬುಸ್ಸೆಂದಿತು. ಚನ್ನವೀರಮ್ಮ ಸಾಮಾನು ಹೊತ್ತು ಹಿತ್ತಲಿಗೆ ಹೋಗಿದ್ದಳು. ಹೋಗುವಾಗ ಎರ್ರಣ್ಣ ಕಟ್ಟೆಯ ಮೇಲೆ ಕೂತಿದ್ದ ಮರಿಬಸಪ್ಪನ ಹತ್ತಿರ ನಿಂತು ಹೇಳಿದ: "ಯಜಮಾನ್ರ, ಗ್ವಾಡಿ ಸಾರಿಸಬ್ಯಾಡ್ರಿ, ಸುಣ್ಣ ಬಳಿಬ್ಯಾಡ್ರಿ. ಔಷಧಿ ಗ್ವಾಡಿ ಮ್ಯಾಲನ ಇರಬೇಕು."

"ಆತು ಬಿಡು" ಎಂದ ಮರಿಬಸಪ್ಪ. ಹುಟ್ಟಿದ ಲಾಗಾಯ್ತು ಅವನು ಒಂದು ಗೋಡೆಯನ್ನೂ ಸಾರಿಸಿದವನಲ್ಲ. ಆ ಓಣಿಯಲ್ಲಿ ಎರ್ರಣ್ಣ ಹೇಳಿದ್ದೆಲ್ಲ ಕಟ್ಟೆಯ ಮೇಲಿನ ಗಂಡಸರಿಗೇ. ಅವರೂ ಎಲೆ ಅಡಿಕೆ ಜಗಿಯುತ್ತ ಹೂಂಗುಟ್ಟಿದರು. ಮಾತು ಅಲ್ಲೇ ಕಟ್ಟೆಯ ಮೇಲೆ ಉಗುಳಿನ ಜೊತೆ ಒಣಗಿತು.

ಚನ್ನವೀರಮ್ಮ ಒಳಗೆ ಬಂದು ನೋಡಿದಳು. ಕೆಂಪು ಗೋಡೆಯ ಮೇಲೆಲ್ಲ ಬಿಳಿ ಬಿಳಿ ಕಲೆ, ತೊನ್ನು ಹತ್ತಿದ ಹಾಗೆ. ಮೂಗಿಗೆ ಒಂದು ಥರದ ವಾಸನೆ. ಈ ಗೋಡೆಯ ಮುಂದೆ ಬಸುರಿ ಮಗಳನ್ನು ಕೂಡಿಸುವುದೇ?

ಬೆಳಗಾಗುವುದೇ ತಡ, ಸೀರೆ ಕಚ್ಚೆ ಹಾಕಿ ಕೆಮ್ಮಣ್ಣು ಕಲಸಿದಳು. ಪಕ್ಕದ ಮನೆಯ ಸುಂಕಲಮ್ಮ ಗೋಡೆಯಾಚೆಯಿಂದ ಇಣುಕಿದಳು. ಸುಂಕಲಮ್ಮನ ನಾಲಿಗೆಗೆ ಹೆದರಿ ಆ ಓಣಿಯಲ್ಲಿ ಹುಣಸೆಹಣ್ಣು ಹುಳಿ ಬಿಟ್ಟಿತ್ತು ಎನ್ನುತ್ತಾರೆ.

"ಯಾಕವ್ವ, ಹಬ್ಬ ಇನ್ನೂ ಎಷ್ಟು ದೂರ ಐತಿ, ಈಗ್ಲೇ ಶುರು ಮಾಡೀಯಲ್ಲ?"

"ಮಗಳು ಬರ್ತಾಳ."

"ಬರ್ತಾಳೋ, ಬರ್ಲಿ ಅಂತ ಸಾರಿಸ್ತೀಯೋ?"

ಚನ್ನವೀರಮ್ಮ ಮತ್ತೊಂದು ಹಿಡಿ ಕೆಮ್ಮಣ್ಣು ಗೋಡೆಗೆ ಬಳಿದಳು. ಸುಂಕಲಮ್ಮ ತಾನೂ ಕೆಮ್ಮಣ್ಣಿನ ಬುಟ್ಟಿ ಇಳಿಸಿದಳು. ಅವಳನ್ನು ನೋಡಿ ಆಚೆಯವಳು, ಅವಳನ್ನು ನೋಡಿ ಎದುರಿನವಳು. ಸಂಜೆಗೆ ಓಣಿಗೆ ಓಣಿಯೇ ಕೆಂಪಾಗಿ ನಿಂತಿತು. ಮುಳುಗಲು ಬಂದ ಸೂರ್ಯ ತನಗಿಂತ ಕೆಂಪಾದ ಊರು ನೋಡಿ ನಾಚಿ ಸ್ವಲ್ಪ ಬೇಗನೆ ಮುಳುಗಿದನಂತೆ. ಔಷಧಿ ಎಲ್ಲ ಮಣ್ಣಿನ ಕೆಳಗೆ ಹೋಗಿತ್ತು. ಹಸಿ ಗೋಡೆಯ ವಾಸನೆ ಪಡಸಾಲೆಯಲ್ಲಿ ತುಂಬಿಕೊಂಡಿತ್ತು. ಚನ್ನವೀರಮ್ಮ ಒಬ್ಬಳೇ ಅಲ್ಲಿ ಕೂತು ಮೂಗೆಳೆದಳು. ಈ ವಾಸನೆಯನ್ನು ಸೆರಗಿನಲ್ಲಿ ಕಟ್ಟಿ ಬಳ್ಳಾರಿಗೆ ಕಳಿಸುವಂತಿದ್ದರೆ!

ಕೆಲವು ದಿನಕ್ಕೆ ಮರಿಬಸಪ್ಪನಿಗೆ ಚಳಿ ಬಂತು. ಬಂತು ಅಂದರೆ ಎಂಥಾದ್ದು! ಅವನು ನಡುಗಿದ ರಭಸಕ್ಕೆ ಹೊರಸು ನಡೆದುಕೊಂಡು ಹೋಗಿ ದನದ ಕೊಟ್ಟಿಗೆ ಸೇರಿತು. ಅತ್ತ ಸುಂಕಲಮ್ಮನ ಮನೆಯಲ್ಲಿ ಇಬ್ಬರು, ಎದುರು ಮನೆಯಲ್ಲಿ ಒಬ್ಬರು. ಈ ಸಲ ಚನ್ನವೀರಮ್ಮನೇ ಎರ್ರಣ್ಣನಿಗೆ ಹೇಳಿಕಳಿಸಿದಳು.

ಎರ್ರಣ್ಣ ಬಂದ. ಒಳಗೆ ಕಾಲಿಟ್ಟವನು ಗೋಡೆ ನೋಡಿದ. ಕನ್ನಡಿಯಂಥ ಆ ಗೋಡೆಯಲ್ಲಿ ತನ್ನ ಮುಖವೇ ಕಂಡಿತು. ತಲೆ ಮೇಲೆ ಕೈ ಹೊತ್ತು ಕುಸಿದು ಕೂತ.

"ಅಯ್ಯೋ ನಮ್ಮಕ್ಕಾ! ಇದೇನು ಮಾಡೀದಿ?"

"ಯಾಕ, ಚೆಂದಾಗಿಲ್ಲೇನು?"

"ಚೆಂದಾಗೈತಿ, ಸೊಳ್ಳಿಗೆ ದುಪ್ಪಟಿ ಹಾಸಿ ತಲಿದಿಂಬು ಇಟ್ಟಂಗ ಆಗೈತಿ! ಸಾರಿಸಬ್ಯಾಡ್ರಿ ಅಂತ ಬಡಕಂಡಿದ್ದೆ."

"ಯಾರ ಮುಂದ ಬಡಕಂಡಿದ್ದಿ?"

"ನಿಮ್ಮ ಯಜಮಾನ್ರ ಮುಂದ."

ಚನ್ನವೀರಮ್ಮ ಗಂಡ ಹೊದ್ದು ಮಲಗಿದ್ದ ಕಂಬಳಿಯ ಕಡೆ ನೋಡಿದಳು. ಕಂಬಳಿ ಸ್ವಲ್ಪ ಒಳಕ್ಕೆ ಸರಿಯಿತು. "ಆತ ಯಾವತ್ತರ ಗ್ವಾಡಿ ಸಾರಿಸ್ಯಾನೇನೋ? ಸಾರಿಸಾಕಿ ಹಿತ್ತಲಾಗ ಇದ್ಲು. ಆಕಿಗೆ ಹೇಳಾಕ ನಿನ್ನ ಬಾಯಿಗೆ ಏನಾಗಿತ್ತು?"

ಎರ್ರಣ್ಣನ ದೊಡ್ಡ ಬಾಯಿ ಮೊದಲ ಸಲ ಸಣ್ಣದಾಯಿತು. ಮೆಲ್ಲಗೆ, "ಖರೇ ಐತಿ ಅಕ್ಕಾ. ತಪ್ಪು ನಂದೂ ಐತಿ" ಎಂದ.

ಅವನು ಮರಿಬಸಪ್ಪನ ಬೆರಳಿಗೆ ಸೂಜಿ ತಾಗಿಸಿದ. ಒಂದು ಹನಿ ರಕ್ತ ಗಾಜಿನ ತುಂಡಿಗೆ ಹಚ್ಚಿದ. ಮರಿಬಸಪ್ಪ ಕಣ್ಣು ಮುಚ್ಚಿ ಶಿವಶಿವ ಎಂದು ಕಣ್ಣು ತೆರೆಯುವುದರೊಳಗೆ ಕೆಲಸ ಮುಗಿದಿತ್ತು. "ಇಷ್ಟನ? ಇದಕ್ಕನ ನಾ ಹೋದ ವರ್ಷ ಬಾಗಲಿಗೆ ಅಡ್ಡ ನಿಂತಿದ್ದೆ?" ಎಂದು ತನ್ನ ಬೆರಳನ್ನೇ ನೋಡುತ್ತ ಕೂತ.

"ಸಿರುಗುಪ್ಪಕ್ಕ ಕಳಸ್ತೀನಿ, ಅಲ್ಲಿ ಯಂತ್ರದಾಗ ನೋಡ್ತಾರ. ಅಲ್ಲಿ ತನಕ ಈ ಮಾತ್ರಿ ತಗೋರಿ. ಬರೀ ಹೊಟ್ಟಿಲೆ ಬ್ಯಾಡ. ಕಹಿ ಅಂತ ಉಗುಳಬ್ಯಾಡ್ರಿ. ಮಲೇರಿಯಾ ಅಂತ ಗೊತ್ತಾದ್ರ ಮತ್ತೊಂದು ಮಾತ್ರಿ ಕೊಡ್ತೀನಿ. ಜ್ವರ ಬಿಟ್ಟಿತು ಅಂತ ಮಾತ್ರಿ ಬಿಟ್ರ ಅದು ರಕ್ತದಾಗ ಅಡಗಿ ಕುಂತು ತಿರುಗಿ ಬರ್ತೈತಿ."

"ಗ್ವಾಡಿಗೂ ಜ್ವರಕ್ಕೂ ಏನು ಸಂಬಂಧ? ಅದನ್ನು ಹೇಳು" ಎಂದಳು ಚನ್ನವೀರಮ್ಮ.

"ಕೇಳು. ಸೊಳ್ಳಿ ಯಜಮಾನ್ರ ರಕ್ತ ಕುಡೀತೈತಿ. ಕುಡದ ಮ್ಯಾಲ ಹೊಟ್ಟಿ ಭಾರ ಆಗಿ ಹಾರಾಕ ಆಗಂಗಿಲ್ಲ. ಹೋಳಿಗಿ ಊಟ ಮಾಡಿದ ಬೀಗರು ಹೆಂಗ ಗ್ವಾಡಿಗೆ ಒರಗ್ತಾರ, ಹಂಗ ಒರಗ್ತೈತಿ. ಅಲ್ಲಿ ಔಷಧಿ ಇದ್ರ ಸಾಯ್ತೈತಿ. ನಿನ್ನ ಕೆಮ್ಮಣ್ಣು ಇದ್ರ ಸುಖವಾಗಿ ನಿದ್ದಿ ತಗದು, ಯಜಮಾನ್ರ ಜ್ವರ ಹೊಟ್ಯಾಗ ಇಟ್ಕಂಡು, ಕೆಲವು ದಿನದ ಮ್ಯಾಲ ಸುಂಕಲಮ್ಮನ ಮನ್ಯಾಗ ಯಾರಿಗರ ಕಚ್ಚತೈತಿ. ಜ್ವರ ಹಂಗ ಮನಿಯಿಂದ ಮನಿಗೆ ಹೊಕ್ಕೈತಿ."

"ಹಂಗಾರ ನನ್ನ ಗ್ವಾಡಿಗೆ ಈಗ್ಲೇ ಹೊಡಿ."

"ನಿನ್ನ ಒಂದು ಮನಿಗೆ ಹೊಡದ್ರ ಏನು ಬಂತು? ಸೊಳ್ಳಿಗೆ ಓಣ್ಯಾಗಿನ ಎಲ್ಲಾ ಗ್ವಾಡಿನೂ ಒಂದ. ಸುಂಕಲಮ್ಮನ ಗ್ವಾಡಿ ಮ್ಯಾಲ ಮಲಗಿದ್ದು ನಿನ್ನ ಮಗಳಿಗೆ ಕಚ್ಚಂಗಿಲ್ಲೇನು?"

ಆ ಮಾತು ಚನ್ನವೀರಮ್ಮನ ಎದೆಗೆ ನಾಟಿತು. ಮಗಳನ್ನು ಕರೆಯಲು ಸಾರಿಸಿದ ಗೋಡೆಯೇ ಮಗಳಿಗೆ ಅಡ್ಡ ನಿಂತಿತ್ತು.

ಮರಿಬಸಪ್ಪ ಎದ್ದು ಗಂಜಿ ಕುಡಿಯುವಂತಾದ ಮೇಲೆ ಅವಳು ಬಳ್ಳಾರಿಗೆ ಹೋದಳು. ಸತ್ಯನಾರಾಯಣಪೇಟೆಯ ಆ ಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಯಾರೂ ಹೇಳಿಕಳಿಸಿರಲಿಲ್ಲ. ಬಸ್ಸಿನ ಹೊತ್ತಿಗೆಲ್ಲ ಅವಳು ಹಾಗೆ ದಿನಾ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು ಎಂದು ಆಮೇಲೆ ತಿಳಿಯಿತು. ತಾಯಿಯ ಕೈ ಹಿಡಿದು ಮೂಗಿಗೆ ಒತ್ತಿಕೊಂಡಳು. "ಮಣ್ಣಿನ ವಾಸನಿ ಐತವ್ವ ನಿನ್ನ ಕೈಯಾಗ" ಎಂದಳು. ಇಬ್ಬರೂ ಅತ್ತ ಕಣ್ಣೀರಿಗೆ ಆ ದಿನ ಸತ್ಯನಾರಾಯಣಪೇಟೆಯಲ್ಲಿ ನಲ್ಲಿ ಬಿಡುವ ಕೆಲಸ ಇರಲಿಲ್ಲ.

ಬೀಗತಿ ಶಿವಬಸಮ್ಮ ನೀರು ಕೊಟ್ಟಳು. ಚನ್ನವೀರಮ್ಮ ನೀರು ಕುಡಿಯದೆ ಕೇಳಿದಳು: "ಬೀಗ್ತೀ, ನಮ್ಮ ಮಣ್ಣಿನ ಮನಿ ನಿಮಗ ಹೇಸಿಗಿ ಆತೇನ್ರಿ?"

ಶಿವಬಸಮ್ಮ ಅವಳ ಎದುರಿಗೆ ಕೂತಳು. "ನಾನೇನು ಅರಮನ್ಯಾಗ ಹುಟ್ಟೀನೇನ್ರಿ? ನಮ್ಮವ್ವನೂ ಸಂಗನಕಲ್ಲಾಗ ಸಗಣಿ ಸಾರಿಸಿದಾಕಿನ. ಹೋದ ವರ್ಷ ಹೋದ ಕೂಸಿಗೆ ನಾನು ಕುಲಾವಿ ಹೊಲದಿಟ್ಟಿದ್ದೆ. ಇನ್ನೂ ಪೆಟ್ಟಿಗ್ಯಾಗ ಐತಿ. ತಗದು ಒಗ್ಯಾಕೂ ಆಗವಲ್ದು, ನೋಡಾಕೂ ಆಗವಲ್ದು. ನನಗ ನಿಮ್ಮ ಮನಿ ಮ್ಯಾಲ ಸಿಟ್ಟಿಲ್ಲ. ನಿಮ್ಮ ಜ್ವರದ ಮ್ಯಾಲ ಅಂಜಿಕಿ ಐತಿ."

ಚನ್ನವೀರಮ್ಮ ನೀರು ಕುಡಿದಳು.

ವಾಪಸು ಬರುವಾಗ ಸಿರುಗುಪ್ಪದಲ್ಲೇ ಇಳಿದಳು. ಕೇಳುತ್ತ ಕೇಳುತ್ತ ಆಸ್ಪತ್ರೆಗೆ ಹೋಗಿ ಡಾಕ್ಟರ ಮುಂದೆ ನಿಂತಳು. ಎರ್ರಣ್ಣನೂ ಅಲ್ಲೇ ಇದ್ದ. ಅವಳನ್ನು ಕಂಡು ನಾಯಿ ಕಂಡವನ ಹಾಗೆ ಕುರ್ಚಿ ಹಿಂದೆ ಸರಿದ.

"ಸಾಹೇಬ್ರ, ನಮ್ಮ ಓಣಿಗೆ ಇನ್ನೊಮ್ಮೆ ಔಷಧಿ ಹೊಡೀಬೇಕು."

"ಹೊಡೆದಾಗಿದೆಯಲ್ಲಮ್ಮ. ಮುಂದಿನ ಸುತ್ತು ಇನ್ನೂ ದೂರ ಇದೆ. ನೀವು ಅದನ್ನ ಸಾರಿಸಿಬಿಟ್ಟಿರಂತೆ, ಯಾಕೆ?"

"ಪಂಚಮಿಗೆ ಸಾರಿಸ್ತೀವಿ, ಮಹಾನವಮಿಗೆ ಸಾರಿಸ್ತೀವಿ. ನಮ್ಮ ಮುತ್ತಾತನ ಕಾಲದಿಂದ ಸಾರಿಸಿಕ್ಯಂತ ಬಂದೀವಿ. ನೀವು ಹಬ್ಬದ ಮುಂದ ಬಂದು ಹೊಡದು ಹೋದ್ರ ನಾವು ಬಿಡ್ತೀವೇನ್ರಿ? ನಿಮ್ಮ ಸುತ್ತು ಹಾಕೋವಾಗ ಒಬ್ಬ ಹೆಣ್ಮಗಳನ್ನರ ಕೇಳಿದ್ರ್ಯಾ? ನಾವು ಮೊದಲು ಸಾರಿಸ್ತೀವಿ, ಗ್ವಾಡಿ ಒಣಗ್ಲಿ. ಆಮ್ಯಾಲ ನೀವು ಬರ್ರಿ. ನೀವು ಹೋದ ಮ್ಯಾಲ ನಾವು ಕೈ ಹಚ್ಚಂಗಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಎರ್ರಣ್ಣನ ಕಡೆ ನೋಡಿದರು. ಎರ್ರಣ್ಣ ಸೂರಿನ ಕಡೆ ನೋಡಿದ.

"ನಿಮ್ಮ ಓಣಿಯಲ್ಲಿ ಜ್ವರ ಜಾಸ್ತಿ ಇದೆ, ಅದಕ್ಕೇ ಇನ್ನೊಮ್ಮೆ ಹೊಡೆಸಬಹುದು" ಎಂದರು ಡಾಕ್ಟರು. "ಆದರೆ ಒಂದು ಮನೆಯೂ ಬಿಡಬಾರದು. ಅಡುಗೆ ಮನೆ, ದೇವರ ಮನೆ, ಕೊಟ್ಟಿಗೆ, ಎಲ್ಲ. ಮುಂದಿನ ಸುತ್ತಿನ ತನಕ ಸಾರಿಸಬಾರದು. ಜ್ವರ ಬಂದವರು ಬಚ್ಚಿಡಬಾರದು. ನಡೆಸಿಕೊಡುತ್ತೀರಾ?"

"ನಡಸ್ತೀನ್ರಿ" ಎಂದಳು ಚನ್ನವೀರಮ್ಮ. ಊರಿಗೆ ಬರುವ ದಾರಿಯುದ್ದಕ್ಕೂ ಸುಂಕಲಮ್ಮನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿದಳು.

ಮನೆ ಮನೆ ಹತ್ತಿದಳು. ಕಟ್ಟೆಯ ಮೇಲಿನ ಗಂಡಸರನ್ನು ದಾಟಿ ನೇರ ಒಲೆಯ ಹತ್ತಿರ ಹೋಗಿ ಹೆಂಗಸರ ಮುಂದೆ ಕೂತಳು. ಸುಂಕಲಮ್ಮ ಸೊಂಟಕ್ಕೆ ಕೈ ಇಟ್ಟಳು.

"ದೇವ್ರ ಮನ್ಯಾಗ ಆ ಹೊಲಸು ನೀರು ಹೊಡಸಾಕ ಬಿಡಂಗಿಲ್ಲ ನಾನು. ಜಗಲಿ ಮೈಲಿಗಿ ಆಗ್ತೈತಿ."

"ಸೊಳ್ಳಿ ಏನು ಜಳಕ ಮಾಡಿ, ಇಬತ್ತಿ ಹಚಗಂಡು ನಿನ್ನ ದೇವ್ರ ಮನಿಗೆ ಬರ್ತೈತೇನ?"

"ನಿನ್ನ ಮಗಳು ಬರಬೇಕು ಅಂತ ನಮ್ಮ ಗ್ವಾಡಿ ಎಲ್ಲಾ ಹೊಲಸು ಮಾಡಿಕ್ಯಬೇಕೇನು?"

"ಹೌದು" ಎಂದಳು ಚನ್ನವೀರಮ್ಮ. "ನನ್ನ ಮಗಳು ಬರಬೇಕು ಅಂತನ. ನನ್ನ ಮಗಳು ಬರೋದು ನನ್ನ ಕೈಯಾಗ ಇಲ್ಲ ಸುಂಕಲಕ್ಕಾ, ನಿನ್ನ ಗ್ವಾಡಿ ಮ್ಯಾಲ ಐತಿ. ತವರಿಗೆ ಹೋದ ನಿನ್ನ ಸೊಸಿ ಬಾಣಂತನ ಮುಗಿಸಿ ಬರೋದು ನನ್ನ ಗ್ವಾಡಿ ಮ್ಯಾಲ ಐತಿ."

ಸುಂಕಲಮ್ಮನಿಗೆ ಬೈಗುಳ ಸಿಗಲಿಲ್ಲ. ದೇಶನೂರಿನಲ್ಲಿ ಇದು ಕಾಲುವೆ ಹಿಂದಕ್ಕೆ ಹರಿದಷ್ಟು ದೊಡ್ಡ ಸಂಗತಿ. "ಜಗಲಿ ಮ್ಯಾಲಿನ ದೇವ್ರನ್ನ ನಾನು ಹೊರಗ ತಂದು ಕುಂದರಸ್ತೀನಿ. ಒಣಗಿದ ಮ್ಯಾಲ ಒಳಗ ಕರಕಂತೀನಿ" ಎಂದಳು.

ಓಣಿ ಸಾರಿಸಿತು, ಗೋಡೆ ಒಣಗಿದವು, ಪಂಪು ಬಂತು. ಈ ಸಲ ಎರ್ರಣ್ಣ ಕಟ್ಟೆಯ ಕಡೆ ತಿರುಗಿಯೂ ನೋಡದೆ ಒಬ್ಬೊಬ್ಬ ಹೆಣ್ಣುಮಗಳನ್ನೂ ಕರೆದು, ಅವಳ ಬಾಯಿಂದಲೇ "ಕೈ ಹಚ್ಚಂಗಿಲ್ಲ" ಎಂದು ಹೇಳಿಸಿಕೊಂಡು ಮುಂದೆ ಹೋದ. ಹಬ್ಬದ ಮುಂದೆ ಗೋಡೆಯ ತುಂಬ ಬಿಳಿ ಕಲೆ. ಚನ್ನವೀರಮ್ಮನ ಅಂಗೈ ನವೆಯಾಡುತ್ತಿತ್ತು. ಕೆಮ್ಮಣ್ಣಿನ ಬುಟ್ಟಿಯನ್ನು ಅವಳು ಅಟ್ಟದ ಮೇಲೆ ಇಡಿಸಿ ಏಣಿಯನ್ನು ಸುಂಕಲಮ್ಮನ ಮನೆಗೆ ಕಳಿಸಿದಳು.

ಪಂಚಮಿಯ ಹಿಂದಿನ ದಿನ ಅಳಿಯ ಕೊಟ್ರಬಸಪ್ಪ ಬಂದ.

"ಅತ್ತೀ, ನಮ್ಮವ್ವ ಮನಸು ಮಾಡ್ಯಾಳ್ರಿ. ಹಬ್ಬಕ್ಕ ಎರಡು ದಿನ ಕಳಸ್ತೀನಿ ಅಂದ್ಲು. ನಿಮ್ಮ ಮಗಳು ಅಳೋದು ನೋಡಾಕ ಆಗವಲ್ದು. ನಾಳೆ ಕರ್ಕಂಡು ಬರ್ಲೇನ್ರಿ?"

ಮರಿಬಸಪ್ಪ ಎದ್ದೇ ನಿಂತ. ಚನ್ನವೀರಮ್ಮ ಮಾತ್ರ ಕೂತಲ್ಲೇ ಕೂತಿದ್ದಳು. ವರ್ಷವಿಡೀ ಕಾಯ್ದ ಮಾತು ಬಾಗಿಲಲ್ಲಿ ಬಂದು ನಿಂತಿತ್ತು. ಎದುರು ಮನೆಯಿಂದ ಯಾರೋ ನರಳುವುದು ಕೇಳುತ್ತಿತ್ತು. ಅಲ್ಲಿ ಇನ್ನೂ ಇಬ್ಬರಿಗೆ ಮಾತ್ರೆ ನಡೆದಿತ್ತು.

"ಬ್ಯಾಡಪ್ಪ" ಎಂದಳು.

"ಅತ್ತೀ?"

"ನಮ್ಮ ಓಣ್ಯಾಗ ಇನ್ನೂ ಜ್ವರ ಐತಿ. ಅಕಿ ಬರೋದು ಬ್ಯಾಡ." ಹಬ್ಬಕ್ಕೆ ಕಟ್ಟಿದ ಉಂಡಿಯ ಡಬ್ಬಿ ತಂದು ಅವನ ಕೈಯಲ್ಲಿಟ್ಟಳು. ಡಬ್ಬಿ ಬಿಡಲು ಅವಳ ಬೆರಳು ಒಪ್ಪಲಿಲ್ಲ.

"ಅಕಿಗೆ ಏನಂತ ಹೇಳ್ಲಿ?"

"ಅವ್ವ ನಿನ್ನ ಕರೀಲಿಲ್ಲ ಅನ್ನಬ್ಯಾಡ. ಅವ್ವ ಓಣಿ ತುಂಬಾ ಹೋಗಿ ನಿನ್ನ ಕರ್ಯಾಕ ಹತ್ಯಾಳ, ಇನ್ನೂ ಮುಗಿದಿಲ್ಲ ಅನ್ನು."

ಮರುದಿನ ಪಂಚಮಿ. ಹಿತ್ತಲಿನಲ್ಲಿ ಓಣಿಯ ಹುಡುಗಿಯರು ಜೀಕಿದರು. ಚನ್ನವೀರಮ್ಮ ಒಳಗೆ ಕೂತು ಹಗ್ಗದ ಕಿರ್ ಕಿರ್ ಕೇಳಿದಳು. ಒಂದೊಂದು ಕಿರ್ರಿಗೂ ಒಂದೊಂದು ವರ್ಷ ಕಳೆದಂತಾಯಿತು.

ಆಮೇಲೆ ಅವಳಿಗೆ ಒಂದೇ ಕೆಲಸ. ಎರ್ರಣ್ಣನ ಸೈಕಲ್ಲಿಗೆ ಅಡ್ಡ ನಿಲ್ಲುವುದು. "ಓಣ್ಯಾಗ ಜ್ವರ ಐತೇನೋ?" "ಐತಿ ಅಕ್ಕಾ, ಒಬ್ರಿಗೆ." ಮತ್ತೊಂದು ಸಲ, "ಐತೇನೋ?" "ರಕ್ತ ಕಳಿಸೀನಿ, ತಡಿ." ಯಾರಾದರೂ ಕೆಮ್ಮಿದರೂ ಸಾಕು, ಚನ್ನವೀರಮ್ಮ ಅವರ ಹಣೆ ಮುಟ್ಟಲು ಓಡುತ್ತಿದ್ದಳು. ಮಾತ್ರೆ ಉಗುಳಿದವರ ಬಾಯಿಗೆ ಬೆಲ್ಲ ಇಟ್ಟು ಮತ್ತೆ ನುಂಗಿಸುತ್ತಿದ್ದಳು. ಮನೆ ಹಿಂದಿನ ಹೊಂಡಕ್ಕೆ ಗಂಡನ ಕೈಯಲ್ಲೇ ಮಣ್ಣು ಹಾಕಿಸಿದಳು. ಮಹಾನವಮಿಗೂ ಅದೇ ಕಟ್ಟಳೆಯಾಯಿತು: ಮೊದಲು ಕೆಮ್ಮಣ್ಣು, ಆಮೇಲೆ ಔಷಧಿ.

ಕಾರ್ತಿಕದ ಒಂದು ಬೆಳಗ್ಗೆ ಎರ್ರಣ್ಣ ಅವಳ ಬಾಗಿಲಿಗೆ ಬಂದು ಸೈಕಲ್ಲು ಇಳಿದ. ಅವಳು ಕೇಳುವ ಮೊದಲೇ ಹೇಳಿದ: "ಅಕ್ಕಾ, ಬಹಳ ದಿನದಿಂದ ಈ ಓಣ್ಯಾಗ ಒಬ್ರ ರಕ್ತದಾಗೂ ಸಿಕ್ಕಿಲ್ಲ. ಹೋಗಿ ಕರ್ಕಂಡು ಬಾ. ಸೊಳ್ಳಿಪರದಿ ಮಾತ್ರ ಬಿಡಬ್ಯಾಡ, ಹೆರಿಗಿ ಸಿರುಗುಪ್ಪ ಆಸ್ಪತ್ರ್ಯಾಗ."

ಚನ್ನವೀರಮ್ಮ ಬಳ್ಳಾರಿಗೆ ಹೋದ ವೇಗಕ್ಕೆ ಬಸ್ಸೇ ಹಿಂದೆ ಉಳಿದಿತ್ತು ಎನ್ನುತ್ತಾರೆ. ಶಿವಬಸಮ್ಮ ಹೊಸ ಸೊಳ್ಳೆಪರದೆ ಮಡಿಚಿ ಚೀಲಕ್ಕೆ ಹಾಕಿದಳು. "ನೀವು ಪಂಚಮಿಗೆ ಬ್ಯಾಡ ಅಂದ್ರಲ್ಲ, ಅವತ್ತನ ನನ್ನ ಅಂಜಿಕಿ ಹೋತು. ಕರ್ಕಂಡು ಹೋಗ್ರಿ" ಎಂದಳು.

ಸಂಜೆ ಗುರುಬಸಮ್ಮ ತುಂಬಿದ ಹೊಟ್ಟೆ ಹೊತ್ತು ಮೆಲ್ಲಗೆ ಹೊಸ್ತಿಲು ದಾಟಿದಳು. ಪಡಸಾಲೆಯ ನಡುವೆ ನಿಂತು ಸುತ್ತ ನೋಡಿದಳು. ಗೋಡೆಯ ತುಂಬ ಬಿಳಿ ಕಲೆ, ಸೋರಿದ ಗೆರೆ, ಮಾಸಿದ ಅಂಚು.

"ಯವ್ವಾ, ಇದೇನು ನಿನ್ನ ಗ್ವಾಡಿ? ಹಿಂಗ್ಯಾಕ ಬಿಟ್ಟೀದಿ?"

"ನಿನ್ನ ಕರ್ಯಾಕ ಇಷ್ಟು ಹೊಲಸು ಮಾಡಿಕ್ಯಂಡೀನಿ, ಕೂಸಾ" ಎಂದಳು ಚನ್ನವೀರಮ್ಮ. "ಕುಂದ್ರು. ರೊಟ್ಟಿ ಬಿಸಿ ಅದಾವ."

ಅಕ್ಕಂದಿರೇ, ತಾಯಂದಿರೇ, ನಿಮ್ಮ ಮನೆಗೂ ಯಾರೋ ಬರಬೇಕಾಗಿದೆ. ಬಸುರಿ ಮಗಳೋ, ಸೊಸೆಯೋ, ಇನ್ನೂ ಹುಟ್ಟದ ಮೊಮ್ಮಗುವೋ. ಅವರ ದಾರಿ ನಿಮ್ಮ ಗೋಡೆಯ ಮೇಲೆಯೂ ಹಾಯ್ದಿದೆ, ನೆರೆಯವರ ಗೋಡೆಯ ಮೇಲೆಯೂ ಹಾಯ್ದಿದೆ. ಸಾರಿಸುವುದಿದ್ದರೆ ಔಷಧಿಯವರು ಬರುವ ಮೊದಲೇ ಸಾರಿಸಿ. ಅವರು ಬಂದಾಗ ದೇವರ ಮನೆಯ ಬಾಗಿಲನ್ನೂ ತೆರೆಯಿರಿ. ಆಮೇಲೆ ಮುಂದಿನ ಸುತ್ತಿನ ತನಕ ಗೋಡೆಗೆ ಕೈ ಹಚ್ಚಬೇಡಿ. ಚಳಿಜ್ವರ ಬಂದ ದಿನವೇ ಒಂದು ಹನಿ ರಕ್ತ ಕೊಡಿ, ಕೊಟ್ಟ ಮಾತ್ರೆ ಪೂರ್ತಿ ನುಂಗಿ. ಜ್ವರ ಬಂದವಳು ಬಸುರಿಯಾದರೆ ತಡ ಮಾಡದೆ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಔಷಧಿಯವರು ಕಟ್ಟೆಯ ಮೇಲಿನ ಗಂಡಸರಿಗೆ ಮಾತ್ರ ಹೇಳಿ ಹೋಗುತ್ತಿದ್ದರೆ ಸೈಕಲ್ಲಿಗೆ ಅಡ್ಡ ನಿಂತು ಕೇಳಿ: "ನನಗ ಹೇಳು. ಗ್ವಾಡಿ ನನ್ನ ಕೈಯಾಗ ಐತಿ."